ಅಲ್ಲಾಡದ ಮುಳ್ಳು

ಮೀಟರಿನ ಮುಳ್ಳು ಅಲ್ಲಾಡಿತು. ಫ್ಯೂಸ್ ಮೇಷ್ಟ್ರ ಕಷ್ಟ ಶುರುವಾದದ್ದು ಅಲ್ಲಿಂದಲೇ.

ಮುಟ್ಟಿದ ಕಡೆಯಲ್ಲೆಲ್ಲ ಫ್ಯೂಸ್ ಹಾರಿಸುತ್ತಾರೆಂದು ಕಾಲೇಜಿನವರು ಇಟ್ಟ ಹೆಸರದು. ಭೌತಶಾಸ್ತ್ರದ ಈ ತಾತ್ಕಾಲಿಕ ಮೇಷ್ಟ್ರಿಗೆ ಪ್ರಿನ್ಸಿಪಾಲರು ಬೆಳಿಗ್ಗೆಯೇ ಹೇಳಿದ್ದರು: “ಮಧ್ಯಾಹ್ನ ತಪಾಸಣೆಯವರು ಬರ್ತಾರೆ. ಆ ಸ್ಥಿರ ಕರೆಂಟಿನ ಸರ್ಕ್ಯೂಟ್ ಮಾಡಿ ತೋರ್ಸಿ. ಅವರು ತಲೆದೂಗಿದ್ರೆ ನಿಮ್ಮ ಕೆಲಸ ಕಾಯಂ.”

ಪುಸ್ತಕದ ಪ್ರಕಾರ, ಒಂದು ದೀಪ ಹಾಕಿದರೂ ಮೂರು ಪೋಣಿಸಿದರೂ ಟ್ರಾನ್ಸಿಸ್ಟರ್ ಅಷ್ಟೇ ಕರೆಂಟು ಬಿಡಬೇಕು. ಆದರೆ ಎರಡನೇ ದೀಪ ಸೇರಿಸಿದ ಕೂಡಲೇ ಮುಳ್ಳು, ಸಂಬಳ ಹೆಚ್ಚಿಸಿ ಎಂದಾಗಿನ ಆಡಳಿತ ಮಂಡಳಿಯಂತೆ ಹಿಂದಕ್ಕೆ ಹೊರಳಿತು. ಮೂರನೆಯದಕ್ಕೆ ಎಲ್ಲವೂ ಕತ್ತಲು.

“ದೀಪ ಕೆಳಗಿದ್ರೆ ಚೆಂದ ಅಂತ ನಾನೇ ರೆಸಿಸ್ಟರ್ ಮೇಲಕ್ಕೆ ಹಾಕ್ದೆ,” ಎಂದರು ಜೋಡಿಸಲು ನೆರವಾಗಿದ್ದ ಗಣಿತದ ಮೇಷ್ಟ್ರು. “ಅದಲುಬದಲು ಮಾಡಿದ್ರೂ ಮೊತ್ತ ಒಂದೇ ಅಲ್ವಾ?”

“ಒಂದೇ ಅಲ್ಲ ಮಾರಾಯ್ರೇ!” ಎಂದು ಕೂಗುವಾಗಲೇ ಫ್ಯೂಸ್ ಮೇಷ್ಟ್ರಿಗೆ ಎಲ್ಲ ಹೊಳೆದುಬಿಟ್ಟಿತು. ಆನಂದ ತಡೆಯದೆ, ಪಕ್ಕದಲ್ಲಿದ್ದ ಇತಿಹಾಸದ ಮೇಡಂ ಅವರನ್ನೇ ಹಿಡಿದು ನಿಲ್ಲಿಸಿದರು.

“ನೋಡಿ ಮೇಡಂ, ಟ್ರಾನ್ಸಿಸ್ಟರಿನ ಬೇಸ್ ಅನ್ನೋ ಕಾಲಿನ ವೋಲ್ಟೇಜು ಕಟ್ಟಿಹಾಕಿದೆ. ರೆಸಿಸ್ಟರ್ ಕೆಳಗಿದ್ರೆ, ಕರೆಂಟು ಹೆಚ್ಚಾದಾಗ ಎಮಿಟರ್ ಕಾಲಿನ ವೋಲ್ಟೇಜು ಏರುತ್ತೆ. ಎರಡರ ನಡುವಿನ ಅಂತರ ಕಮ್ಮಿಯಾಗಿ ಟ್ರಾನ್ಸಿಸ್ಟರು ತಾನೇ ನಲ್ಲಿ ಬಿಗಿ ಮಾಡ್ಕೊಳ್ಳುತ್ತೆ. ಕರೆಂಟು ಇಳಿದ್ರೆ ಸಡಿಲ ಬಿಡುತ್ತೆ. ಮೇಲೆ ಎಷ್ಟು ದೀಪ ಇದ್ರೆ ಅದಕ್ಕೇನು?”

“ನಮ್ಮತ್ತೆ ಥರ. ಎದುರಿಗೆ ಒಬ್ರಿರ್ಲಿ, ಮೂವರಿರ್ಲಿ, ಬೈಗುಳದ ಧಾರೆ ಅಷ್ಟೇ.”

“ಅದೇ ಅದೇ!”

“ಒಟ್ಟಿನಲ್ಲಿ ಮುಳ್ಳು ಅಲ್ಲಾಡ್ಬಾರ್ದು.”

“ಅಲ್ಲಾಡ್ಲೇಬಾರ್ದು!”

ಮೇಷ್ಟ್ರು ಸರ್ಕ್ಯೂಟನ್ನು ಸರಿಯಾಗಿ ಜೋಡಿಸಿ, ಒಂದು ದೀಪ ಉರಿಯಲು ಬಿಟ್ಟು, ಮುಖ ತೊಳೆದು, ಅಂಗಿ ಬದಲಿಸಿ ಬಂದರು. ತಪಾಸಣಾಧಿಕಾರಿಗಳು ಬಂದು ನಿಂತರು. ಒಂದು ದೀಪ ಉರಿಯುತ್ತಲೇ ಇತ್ತು. ಎರಡು, ಮೂರು, ಎಲ್ಲವೂ ಒಂದೇ ಬೆಳಕು. ಮುಳ್ಳು ಕಲ್ಲಿನಂತೆ ಕೂತಿತ್ತು. ಅಧಿಕಾರಿಗಳು ತಾವೇ ಮುಂದೆ ಬಂದು ಒಂದು ದೀಪ ಕಿತ್ತು ಅದರ ಜಾಗಕ್ಕೆ ತಂತಿ ಜೋಡಿಸಿದರು. ಮುಳ್ಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

“ಭೇಷ್!” ಎಂದು ತಲೆದೂಗಿದರು. ಪ್ರಿನ್ಸಿಪಾಲರ ಮುಖ ಅರಳಿತು. ಮೇಷ್ಟ್ರ ಕಣ್ಣಲ್ಲಿ ನೀರು. ಬಾಗಿ ನಮಸ್ಕರಿಸಿ ಸ್ವಿಚ್ ಆರಿಸಿದರು.

ದೀಪಗಳು ಆರಿದವು. ಮುಳ್ಳು ಮಾತ್ರ ಅಲ್ಲೇ ಇತ್ತು.

ಅಧಿಕಾರಿಗಳು ಬಗ್ಗಿ ನೋಡಿದರು. ಪ್ಲಗ್ಗನ್ನೂ ಕಿತ್ತು ನೋಡಿದರು.

“ಬಹಳ ಸ್ಥಿರವಾದ ಕರೆಂಟು, ಮೇಷ್ಟ್ರೇ,” ಎಂದರು ಕನ್ನಡಕ ತೆಗೆಯುತ್ತ. “ಇಲ್ಲದಿದ್ದಾಗಲೂ ಇರುತ್ತೆ.”

ಎಲ್ಲರೂ ಹೊರನಡೆದ ಮೇಲೆ ಇತಿಹಾಸದ ಮೇಡಂ ಹತ್ತಿರ ಬಂದು ಪಿಸುಗುಟ್ಟಿದರು: “ನೀವು ಮುಖ ತೊಳೆಯೋಕೆ ಹೋದಾಗ ಮೀಟರಿನ ಗಾಜು ಬಿಚ್ಚಿ ಮುಳ್ಳಿಗೆ ಒಂದೇ ಒಂದು ತೊಟ್ಟು ಗಮ್ ಹಾಕ್ದೆ. ಥ್ಯಾಂಕ್ಸ್ ಎಲ್ಲ ಬೇಡ, ಬಿಡಿ.”