ಕಣ್ಣಿರುವಾಗಲೇ ಬೆಂಗಳೂರು

ನಮ್ಮ ಕಡೆಯವರು ಬೆಂಗಳೂರು ನೋಡಲು ಹೊರಟಾಗಲೆಲ್ಲ ಹೀಗೇ ಆಗುತ್ತದೆ: ನಾವು ಊರನ್ನು ನೋಡುವುದಕ್ಕಿಂತ ಹೆಚ್ಚಾಗಿ ಊರೇ ನಿಂತು ನಮ್ಮನ್ನು ನೋಡುತ್ತದೆ. ತರೀಕೆರೆಯ ಕಾಲೇಜಿನಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತನಾದ ನಾನೇ ಮೆಜೆಸ್ಟಿಕ್ಕಿನಲ್ಲಿ ಉತ್ತರ ದಿಕ್ಕು ಯಾವುದೆಂದು ಕಡಲೆಕಾಯಿ ಮಾರುವವನನ್ನು ಕೇಳಿದವನು. ಆದರೂ ಯಾರಿಗೆ ಬೆಂಗಳೂರು ತೋರಿಸಬೇಕಾದರೂ ಜನ ನನ್ನನ್ನೇ ಹಿಡಿಯುತ್ತಾರೆ. ನನಗೂ ಅದು ಖುಷಿಯ ಕೆಲಸವೇ.

ಹೋದ ವರ್ಷ ಹಿಡಿದವನು ಅಜ್ಜಂಪುರದ ನನ್ನ ಬಾಲ್ಯದ ಗೆಳೆಯ, ಈರುಳ್ಳಿ ವ್ಯಾಪಾರಿ. ಲಾರಿಗಟ್ಟಲೆ ಈರುಳ್ಳಿಯನ್ನು ಬೆಂಗಳೂರಿಗೆ ಕಳಿಸಿದವನು, ತಾನು ಮಾತ್ರ ಒಮ್ಮೆಯೂ ಹೋದವನಲ್ಲ. ಈಗ ಅವನ ಕಣ್ಣು ಹೋಗುತ್ತಿತ್ತು. ಸುತ್ತಲಿಂದ ಕತ್ತಲೆ ಮುಚ್ಚಿಕೊಂಡು ಬಂದು, ನಡುವೆ ತಟ್ಟೆಯಗಲ ಬೆಳಕು ಉಳಿದಿತ್ತು. ಹೋದದ್ದು ಬರುವುದಿಲ್ಲ, ಇರುವುದೂ ಬಹಳ ಕಾಲ ಇರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಇಷ್ಟು ಇರೋವಾಗ್ಲೇ ಬೆಂಗಳೂರು ತೋರಿಸ್ಬಿಡು ಕಣೋ," ಅಂದ. "ವಿಧಾನಸೌಧಕ್ಕೆ ದೀಪ ಹಾಕ್ತಾರಂತಲ್ಲ, ಅದೊಂದು ನೋಡ್ಬೇಕು."

ಅವನ ಹೆಂಡತಿ ಬಾಗಿಲಲ್ಲಿ ನಿಂತು, "ಚೆನ್ನಾಗಿ ತೋರಿಸ್ಕೊಂಡು ಬನ್ನಿ ಮೇಷ್ಟ್ರೇ. ಆಮೇಲೆ ಕೂತ್ಕೊಂಡು ನಂಗೆ ಹೇಳ್ಲಿ, ಅವರಿಗೂ ಹೊತ್ತು ಹೋಗ್ತದೆ," ಅಂದರು.

ಟವೆಲ್ಲಿನ ಪ್ರಯಾಣ

ಕಡೂರಿನಲ್ಲಿ ರೈಲು ಹತ್ತಿ ಬೆಂಗಳೂರಿನಲ್ಲಿ ಇಳಿದು, ಮೊದಲು ಮೆಟ್ರೋ ತೋರಿಸೋಣವೆಂದು ಕರೆದುಕೊಂಡು ಹೋದೆ. ಇವನ ಹೆಗಲ ಮೇಲೆ ದಪ್ಪ ಕೆಂಪು ಅಂಚಿನ ಟವೆಲ್ಲು. ಬರೀ ಬಿಳಿಯದನ್ನು ಎಲ್ಲಿಟ್ಟರೂ ಅವನಿಗೆ ಕಾಣುತ್ತಿರಲಿಲ್ಲವಾದ್ದರಿಂದ ಹೆಂಡತಿ ಹುಡುಕಿ ತಂದಿದ್ದು.

ನಮ್ಮ ಬಸ್‌ಸ್ಟ್ಯಾಂಡಿನ ಕಾನೂನು ನಿಮಗೆ ಗೊತ್ತು. ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಬಿದ್ದರೆ ಆ ಸೀಟು ಟವೆಲ್ಲಿನ ಯಜಮಾನನದು. ದೇವರು ಬಂದರೂ ನಿಂತೇ ಹೋಗಬೇಕು. ಮೆಟ್ರೋ ಬಾಗಿಲು ತೆರೆದದ್ದೇ ತಡ, ಇವನು ಜನರ ತಲೆಯ ಮೇಲಿಂದ ಟವೆಲ್ ಬೀಸಿದ. ಸರಿಯಾಗಿ ಖಾಲಿ ಸೀಟಿನ ಮೇಲೇ ಬಿತ್ತು. ಸೀಟು ಸಿಕ್ಕಿತಲ್ಲ ಎಂದು ಇವನು ನೆಮ್ಮದಿಯಿಂದ ಎಲ್ಲರನ್ನೂ ಹತ್ತಲು ಬಿಟ್ಟ. ಬಾಗಿಲು ಮುಚ್ಚಿತು. ಟವೆಲ್ ಹೊರಟುಹೋಯಿತು.

ಕಾವಲಿನವನು ಓಡಿಬಂದು, "ಏನ್ ಸರ್, ಏನಾದ್ರೂ ಕಳ್ಕೊಂಡ್ರಾ?" ಅಂದ.

"ಕಳ್ಕೊಂಡಿಲ್ಲಪ್ಪ, ಸೀಟು ಹಿಡ್ದಿದ್ದೀನಿ. ಮುಂದಿನ ಸ್ಟಾಪಲ್ಲಿ ಸ್ವಲ್ಪ ನಿಲ್ಸೋಕೆ ಹೇಳು, ಬತ್ತೀನಿ."

ಸಂಜೆಯ ಹೊತ್ತಿಗೆ ಆ ಟವೆಲ್ಲು ಕೊನೆಯ ಸ್ಟೇಷನ್ನಿನಲ್ಲಿ ಸಿಕ್ಕಿತು. ಇಡೀ ಪ್ರವಾಸದಲ್ಲಿ ಕೂತುಕೊಂಡು ಬೆಂಗಳೂರು ನೋಡಿದ್ದು ಅದೊಂದೇ.

ನಿಂತು ತಿನ್ನುವ ಊರು

ಮಧ್ಯಾಹ್ನ ಒಂದು ದರ್ಶಿನಿಗೆ ಹೋದೆವು. ಒಳಗೆ ಎದೆಮಟ್ಟದ ಮೇಜುಗಳು, ಕೂರಲು ಒಂದು ಕುರ್ಚಿಯೂ ಇಲ್ಲ. ಮಸಾಲೆ ದೋಸೆ ಬಂತು. ಇವನು ದೋಸೆ ಬಿಚ್ಚಿ, ಪಲ್ಯದ ಈರುಳ್ಳಿಯೊಂದನ್ನು ಬೆರಳಲ್ಲಿ ಹಿಡಿದು ಕಣ್ಣಿನ ಹತ್ತಿರ ತಂದ. ಆಮೇಲೆ ಮೂಸಿದ.

"ಇದು ಎಲ್ಲಿಯ ಈರುಳ್ಳಿ?" ಎಂದು ಮೇಜು ಒರೆಸುವವನನ್ನು ಕೇಳಿದ.

"ಯಶವಂತಪುರ ಮಂಡೀದು ಸರ್."

"ತಂದಿದ್ದಲ್ಲ ಕಣಪ್ಪ, ಬೆಳೆದದ್ದು ಎಲ್ಲಿ?"

"ಯಶವಂತಪುರದಲ್ಲೇ ಸರ್. ದಿನಾ ಅಲ್ಲಿಂದ್ಲೇ ಬರೋದು."

ಇವನು ಆ ಚೂರನ್ನು ಮೆಲ್ಲಗೆ ತಟ್ಟೆಯ ಅಂಚಿಗಿಟ್ಟ. ಜೀವಮಾನವಿಡೀ ಕಳಿಸಿದ ಮಾಲಿಗೆ ಸಿಕ್ಕ ಹೆಸರು ಅದು. ನನಗೂ ಮನಸ್ಸು ಪಿಚ್ಚೆನಿಸಿತು. ಮಾತು ಬದಲಿಸಲು, "ದೋಸೆ ಹೆಂಗೈತೆ?" ಅಂದೆ.

ಸುತ್ತ ನಿಂತು ಗಬಗಬ ತಿನ್ನುತ್ತಿದ್ದವರ ಕಡೆ ಕತ್ತು ತಿರುಗಿಸಿ, "ದೋಸೆ ಚೆನ್ನಾಗೈತೆ. ಆದ್ರೆ ನಮ್ಮ ದನಾನೂ ಮೆಲುಕು ಹಾಕೋಕೆ ಮಲಗ್ತವೆ ಕಣೋ," ಅಂದ.

ಅಡ್ಡ ನಿಂತದ್ದು

ಲಾಲ್‌ಬಾಗಿನ ಬಂಡೆ ಹತ್ತಿಸುವಾಗ ಅವನ ಕೈ ನನ್ನ ತೋಳಲ್ಲಿತ್ತು. ಮೇಲೆ ನಿಂತು, "ಈಗ ನೋಡು, ಇಡೀ ಊರು ಕಾಣ್ತದೆ," ಅಂದೆ.

ಬಹಳ ಹೊತ್ತು ನೋಡಿದ. "ಏನೂ ಕಾಣ್ತಿಲ್ಲ ಕಣೋ."

ಉಳಿದ ತಟ್ಟೆಯಗಲವೂ ಈ ಬಂಡೆಯ ಮೇಲೇ ಮುಗಿಯಿತೇ? ಅವನನ್ನು ಕೂರಿಸಿ, ನೀರು ಕುಡಿಸಿ, "ಎಷ್ಟು ಹೊತ್ತಿಂದ ಕಾಣ್ತಿಲ್ಲ?" ಅಂದೆ.

"ಬಂದಾಗಿಂದ. ಊರು ನೋಡೋಣ ಅಂದ್ರೆ ಬರೀ ಬಿಲ್ಡಿಂಗ್ ಅಡ್ಡ ನಿಂತವೆ."

ದೀಪ

ಭಾನುವಾರ ಮುಸ್ಸಂಜೆ ವಿಧಾನಸೌಧದ ಮುಂದೆ ನಿಂತೆವು. ದೀಪ ಹತ್ತಿತು. ಜನ ಹೋ ಎಂದರು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಕತ್ತಲಾದರೆ ಅವನಿಗೆ ಉಳಿದದ್ದೂ ಮಸುಕು ಎಂಬುದು ನನಗೆ ಹೊಳೆದದ್ದು ಆಗಲೇ.

"ನೋಡ್ದೆ ಬಿಡು," ಅಂದ. "ಏನ್ ಚೆನ್ನಾಗೈತೆ."

ಅವನು ನಿಂತಿದ್ದದ್ದು ವಿಧಾನಸೌಧಕ್ಕೆ ಬೆನ್ನು ಹಾಕಿ. ನಾನು ಭುಜ ಹಿಡಿದು ಮೆಲ್ಲಗೆ ಈ ಕಡೆ ತಿರುಗಿಸಿದೆ. ಕಣ್ಣರಳಿಸಿ ಇನ್ನಷ್ಟು ಹೊತ್ತು ನೋಡಿದ.

"ಹ್ಞೂಂ," ಅಂದ. "ಇದೂ ಚೆನ್ನಾಗೈತೆ."

ಊರಿಗೆ ಬಂದ ಮೇಲೆ ಹೆಂಡತಿ ಕೇಳಿದರು, "ದೀಪ ಹೆಂಗಿತ್ತು?"

"ಹೊಸ ಈರುಳ್ಳಿ ಸಿಪ್ಪೆ ಬಿಸಿಲಿಗೆ ಹಿಡ್ದಂಗಿತ್ತು ಕಣೇ," ಅಂದ. ನಾನು ನೋಡಿದ ವಿಧಾನಸೌಧ ಅಷ್ಟು ಚೆನ್ನಾಗಿರಲಿಲ್ಲ.

ಆಕೆ ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ. ಅವರಿಗೆ ಗೊತ್ತಾಯಿತು. "ಅದಕ್ಕೆ ಅಷ್ಟು ದೂರ ಯಾಕೆ ಹೋದ್ರಿ, ಹಿತ್ತಿಲಲ್ಲೇ ಐತಲ್ಲ," ಎಂದವರು ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿ, ಬಹಳ ಹೊತ್ತು ಬರಲಿಲ್ಲ. ಬಂದಾಗ ಕಾಫಿ ತಂದಿರಲಿಲ್ಲ.

ಮುಂದಿನ ಸೀಟು

ಈ ವರ್ಷ ಅವನ ಕಣ್ಣು ಪೂರ್ತಿ ಹೋಯಿತು. ಹೋದ ತಿಂಗಳು ನಮ್ಮ ಮನೆಗೆ ಬಂದವನನ್ನು ಅಜ್ಜಂಪುರಕ್ಕೆ ತಲುಪಿಸಲು ತರೀಕೆರೆ ಬಸ್‌ಸ್ಟ್ಯಾಂಡಿಗೆ ಕರೆತಂದೆ. ಬಸ್ಸು ಬಂತು, ಬಾಗಿಲಿಗೆ ಜನ ಮುತ್ತಿದರು.

"ಟವೆಲ್ ಕೊಡು, ನಾನು ಹಾಕ್ತೀನಿ," ಅಂದೆ.

"ಬೇಡ. ಇದೊಂದು ನಂಗೆ ಇನ್ನೂ ಬತ್ತದೆ."

ಎತ್ತಿನ ಬೆನ್ನು ಸವರುವ ಹಾಗೆ ಬಸ್ಸನ್ನು ಸವರುತ್ತ ಆಚೆ ಬದಿಗೆ ಹೋದ. ಕೈಗೆ ತೆರೆದ ಕಿಟಕಿಯೊಂದು ಸಿಕ್ಕಿತು. ಕೆಂಪು ಅಂಚಿನ ಟವೆಲ್ಲನ್ನು ಒಳಗೆ ಬೀಸಿ, ಸೀಟು ಸಿಕ್ಕಿತೆಂದು ಗೆದ್ದವನ ಹಾಗೆ ನಿಂತ. ಕಂಡಕ್ಟರು ಟವೆಲ್ ಹಿಡಿದು ಇಳಿದು ಬಂದ. ಇವನ ಕಣ್ಣು ನೋಡಿ ಅವನ ದನಿ ತಗ್ಗಿತು.

"ಯಜಮಾನ್ರೇ, ನೀವು ಹಿಡ್ದಿರೋದು ಡ್ರೈವರ್ ಸೀಟು."

ಇವನು ತಲೆ ಕೆರೆದುಕೊಂಡ. "ಇರ್ಲಿ ಬಿಡಪ್ಪ. ಬೆಂಗಳೂರಲ್ಲಿ ಕಣ್ಣಿರೋರು ಓಡ್ಸೋದನ್ನ ನೋಡ್ಕೊಂಡು ಬಂದಿದ್ದೀನಿ. ಅವರಿಗಿಂತ ಕೆಟ್ಟದಾಗಿ ಓಡ್ಸಲ್ಲ."