ತಾವಾಗಿ ಸತ್ತ ಇರುವೆಗಳು

ನಮ್ಮ ಕಾಕಾ ಇರುವೆ ಸಾಯುವುದನ್ನೇ ಕಾಯುತ್ತ ಕೂತಿರುತ್ತಾರೆ ಎಂದರೆ ನೀವು ಅವರನ್ನು ಕಟುಕರೆಂದೇ ತಿಳಿಯುತ್ತೀರಿ. ತಪ್ಪು! ತಂಬಿಗೆಯಲ್ಲಿ ಬಿದ್ದ ಇರುವೆಗೆ ಬೆರಳು ಕೊಟ್ಟು ದಡ ಹತ್ತಿಸುವ ಮನುಷ್ಯ ಅವರು. ನಮ್ಮದು ಜೈನರ ಮನೆ. ನೀರು ಸೋಸಿ ಕುಡಿಯುತ್ತೇವೆ, ಹೊತ್ತು ಮುಳುಗುವ ಮೊದಲೇ ಉಣ್ಣುತ್ತೇವೆ. ಇಂಥ ಮನೆಯಲ್ಲಿ ಹುಟ್ಟಿದವರಿಗೆ ಇರುವೆ ವಿಂಗಡಿಸುವ ಹುಚ್ಚು ಯಾಕೆ ಹಿಡಿಯಬೇಕಿತ್ತು, ಹೇಳಿ?

ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಜುಗೂಳದ ನಮ್ಮ ಹೊಲದ ಬದುವಿನಲ್ಲಿ ಭೂತಗನ್ನಡಿ ಹಿಡಿದು ಬೋರಲು ಮಲಗುವುದೇ ಅವರ ಕೆಲಸವಾಯಿತು. ಮೊದಮೊದಲು ದಾರಿಹೋಕರು ಗಾಬರಿಯಾಗಿ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು. ಈಗ ದಾಟಿಕೊಂಡು ಹೋಗುತ್ತಾರೆ.

ಒಮ್ಮೆ ಪಕ್ಕದ ಮನೆಯಾಕೆ ಓಡಿ ಬಂದರು. "ಸರ್, ಸಕ್ರಿ ಡಬ್ಯಾಗ ಇರುವಿ ತುಂಬ್ಯಾವ್ರಿ. ಏನರ ಮಾಡ್ರಿ." ಕಾಕಾ ಹೋದರು, ಒಂದು ತಾಸು ನೋಡಿದರು, ಮೂರು ಪುಟ ಬರೆದುಕೊಂಡರು. "ಡಬ್ಬಿ ಮುಚ್ಚಬ್ಯಾಡ್ರಿ, ನಾಳೆ ಮತ್ತ ಬರ್ತೀನಿ" ಎಂದು ಎದ್ದು ಬಂದರು. ಆ ಮನೆಯವರು ಈಗ ಬೆಲ್ಲದ ಚಹಾ ಕುಡಿಯುತ್ತಾರೆ.

ಕಾಕಾನ ಬಳಿ ಹಳೆಯ ದಪ್ಪ ಪುಸ್ತಕವೊಂದಿದೆ. ಅದರಲ್ಲಿ ದೊಡ್ಡ ತಲೆಯ ಇರುವೆಗೊಂದು ಹೆಸರು, ಸಣ್ಣ ತಲೆಯದಕ್ಕೆ ಇನ್ನೊಂದು. ಎರಡೂ ಬೇರೆ ಬೇರೆ ತಳಿಯಂತೆ. ನಮ್ಮ ಹಿತ್ತಲಲ್ಲಿ ಇವೆರಡೂ ಒಂದೇ ಗೂಡಿನಿಂದ ಹೊರಬಂದದ್ದನ್ನು ಕಂಡ ದಿನ ಕಾಕಾ ಊಟ ಬಿಟ್ಟರು.

"ತಲಿ ಅಳತಿ ನೋಡಿ ಹೆಸರಿಡೂದಾದ್ರ ನಮ್ಮ ಮನ್ಯಾಗ ಐದ ತಳಿ ಅದಾವು" ಎಂದು ನನ್ನ ತಲೆಯನ್ನೇ ದಿಟ್ಟಿಸಿದರು.

ಎರಡೂ ಒಂದೇ ತಳಿ, ಪುಸ್ತಕ ತಪ್ಪು ಎಂದು ದೂರದ ಊರಿನ ಕೀಟ ವಿದ್ವಾಂಸರೊಬ್ಬರಿಗೆ ಪತ್ರ ಹೋಯಿತು. ಒಂದೇ ಗೂಡಿನ ಎರಡೂ ಬಗೆಯವನ್ನು ಕೊಂದು ಕಳಿಸಿ, ಪರೀಕ್ಷಿಸುತ್ತೇವೆ ಎಂದು ಉತ್ತರ ಬಂತು. "ಕೊಂದ ಕಳಸೂದಿಲ್ಲ. ತಾವ ಸಾಯಲಿ, ಕಾಯ್ತೀನಿ" ಎಂದರು ಕಾಕಾ. ಅವರ ಹಟ ನಿಮಗೆ ಗೊತ್ತಿಲ್ಲ!

ಇರುವೆಗಳು ಸತ್ತವರನ್ನು ಗೂಡಿನಿಂದ ಹೊತ್ತು ತಂದು ಒಂದು ಕಡೆ ಗುಡ್ಡೆ ಹಾಕುತ್ತವೆ. ಆ ಗುಡ್ಡೆ ನಮ್ಮ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿತ್ತು. ಅಡ್ಡಿ ಒಂದೇ, ಕಾಕಾನ ಹೆಂಡತಿ ನಮ್ಮ ಕಾಕೂ. ಕಾಕಾ ಏಳುವಷ್ಟರಲ್ಲಿ ಅವರು ಹಿತ್ತಲು ಗುಡಿಸಿ ಮುಗಿಸಿರುತ್ತಿದ್ದರು.

"ಆ ಮೂಲಿ ಬಿಟ್ಟ ಗುಡಸು. ಅದ ಕಸಾ ಅಲ್ಲ, ಸಾಕ್ಷಿ."

"ನಿಮಗ ಸಾಕ್ಷಿ ಬೇಕಾದ್ರ ಲಗೂ ಏಳ್ರಿ."

ಮರುದಿನ ಕಾಕಾ ನಸುಕಿನಲ್ಲೇ ಎದ್ದು ಗುಡ್ಡೆಯ ಮುಂದೆ ಕೂತರು. ಏನೂ ಕಾಣಲಿಲ್ಲ. ಬೆಳಕು ಹರಿದರೂ ಎಲ್ಲ ಮಂಜು ಮಂಜು. ಕಣ್ಣಿಗೆ ಪೊರೆ ಬಂದಿತ್ತು. ಮಿರಜಿಗೆ ಕರೆದೊಯ್ದು ಆಪರೇಷನ್ ಮಾಡಿಸಿದೆವು. ತಿಂಗಳೊಪ್ಪತ್ತು ಬಗ್ಗಬಾರದು ಎಂದರು ಡಾಕ್ಟರು. ಬಗ್ಗದೆ ಇರುವೆ ನೋಡುವುದುಂಟೇ? ಕಾಕಾ ಗೋಡೆಗೆ ಮುಖ ಮಾಡಿ ಮಲಗಿ ಮಳೆಗಾಲಕ್ಕೆ ಉಳಿದ ದಿನ ಎಣಿಸಿದರು. ಮಳೆ ಬಂದರೆ ಗೂಡು ಮುಗಿಯಿತು.

ಮಳೆ ತಿಂಗಳು ತುಂಬುವ ಮೊದಲೇ ಬಂತು. ಡಾಕ್ಟರು ಅನುಮತಿ ಕೊಟ್ಟ ದಿನ ಕಾಕಾ ಹಿತ್ತಲಿಗೆ ಹೋದರು. ಗುಡ್ಡೆಯೂ ಇಲ್ಲ, ಗೂಡೂ ಇಲ್ಲ. ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು.

ಕಾಕೂ ಒಳಗಿನಿಂದ ಹಳೆಯ ಕುಂಕುಮದ ಡಬ್ಬಿ ತಂದು ಅವರ ಮುಂದಿಟ್ಟರು. ಹತ್ತಿಯ ಮೇಲೆ ಸತ್ತ ಇರುವೆಗಳು, ದೊಡ್ಡ ತಲೆಯವು, ಸಣ್ಣ ತಲೆಯವು. "ದಿನಾ ಗುಡಸೂಮುಂದ ಆರಿಸಿಟ್ಟೀನ್ರಿ. ಒಂದ ಮನೀವು ಅಂತ ಒಂದ ಡಬ್ಯಾಗ ಹಾಕೀನಿ."

ಕಾಕಾ ಭೂತಗನ್ನಡಿ ತೆಗೆದರು. ಆದರೆ ಅದನ್ನು ಹಿಡಿದದ್ದು ಡಬ್ಬಿಯ ಮೇಲಲ್ಲ, ಕಾಕೂನ ಬೆರಳುಗಳ ಮೇಲೆ. ಅವುಗಳ ತುಂಬ ಕೆಂಪು ಕಲೆಗಳಿದ್ದವು.

"ಇವು ಕಚ್ಚಿದ್ವೇನ?"

"ಸತ್ತವು ಹೆಂಗ ಕಚ್ಚತಾವ್ರಿ? ಹೊತ್ತ ತಂದವು ಕಚ್ಚಿದ್ವು."

ಆ ಸಂಜೆ ವಿದ್ವಾಂಸರಿಗೆ ಪತ್ರ ಬರೆದದ್ದು ನಾನು, ಹೇಳಿದ್ದು ಕಾಕಾ. ಸಂಗ್ರಹಿಸಿದವರ ಹೆಸರು ಏನೆಂದು ಬರೆಯಲಿ ಎಂದು ಕೇಳಿದೆ. ಕಾಕಾ ಎಂದೂ ಹೆಸರು ಹಿಡಿದು ಕರೆಯದ ಹೆಂಡತಿಯ ಹೆಸರನ್ನು ಅಕ್ಷರ ಬಿಡಿಸಿ ಬಿಡಿಸಿ ಹೇಳಿದರು. ಅಡುಗೆ ಮನೆಯಲ್ಲಿ ಪಾತ್ರೆಯ ಸದ್ದು ಒಂದು ಗಳಿಗೆ ನಿಂತಿತು.