ಹುಳಕ್ಕೆ ಜ್ವರ, ಸದನಕ್ಕೆ ರಜೆ

ಪ್ರಜಾಪ್ರಭುತ್ವದ ಬಗ್ಗೆ ಭಾಷಣ ಮಾಡುವವರ ಮನೆಗೆ ಮೊದಲೇ ತಿಳಿಸದೆ ಯಾರೂ ಹೋಗಬಾರದು. ನಾನೂ ಅಂಥವರಲ್ಲೊಬ್ಬನಾದ್ದರಿಂದ ಈ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಚಿಂತಾಮಣಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವುದು ನನ್ನ ಕಸುಬು. ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಮನೆ. ಹಿಪ್ಪುನೇರಳೆ ತೋಟ, ಎರಡು ಹಸು, ರೇಷ್ಮೆ ಸಾಕಣೆಗೆಂದು ಒಂದು ಹುಳುಮನೆ. ಇವನ್ನೆಲ್ಲ ನೋಡಿಕೊಳ್ಳುವವಳು ನನ್ನ ಹೆಂಡತಿ ಸರೋಜ. ನಾನು ನೋಡಿಕೊಳ್ಳುವುದು ಸಂವಿಧಾನವನ್ನು.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆ ವಯಸ್ಸಿನ ಹುಮ್ಮಸ್ಸಿನಲ್ಲಿ, ನಮ್ಮ ಮನೆಗೂ ಒಂದು ಸಂಸತ್ತು ಬೇಕು ಅನ್ನಿಸಿತು. ದೊಡ್ಡ ವಿಷಯ ಯಾವುದೇ ಇರಲಿ, ಊಟವಾದ ಮೇಲೆ ನಡುಮನೆಯಲ್ಲಿ ಕೂತು ಮಾತಾಡಿಯೇ ತೀರ್ಮಾನಿಸಬೇಕು, ಯಾರೂ ತಮಗೆ ತೋಚಿದ್ದನ್ನು ಮಾಡಕೂಡದು ಎಂದು ಕಾನೂನು ಮಾಡಿದೆ. ಸದಸ್ಯರು ಮೂವರು: ನಾನು, ಸರೋಜ ಮತ್ತು ನನ್ನ ಅಮ್ಮ. ಸಭೆ ಕರೆಯುವ ಅಧಿಕಾರ ಮಾತ್ರ ನನ್ನದು. ಇಷ್ಟು ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ಗೋಡೆಗೆ ಯಾವ ಬಣ್ಣ, ಮುರುಗಮಲ್ಲದ ಮದುವೆಗೆ ಯಾರು ಹೋಗಬೇಕು, ಮಿಕ್ಸಿ ರಿಪೇರಿಯೋ ಹೊಸದೋ ಎಂಬಂಥ ಪ್ರಶ್ನೆಗಳೇ ಬರುತ್ತಿದ್ದವು. ನನ್ನಂಥ ಉದಾರವಾದಿ ಇನ್ನೊಬ್ಬನಿಲ್ಲ ಎಂದು ನಾನೇ ಮೆಚ್ಚಿಕೊಂಡಿದ್ದೆ.

ಹೋದ ತಿಂಗಳು ಒಂದು ಬುಧವಾರ ಡೈರಿಗೆ ಹಾಲು ಹಾಕಿ ಬಂದ ಸರೋಜ, ಕ್ಯಾನು ಕೆಳಗಿಡುತ್ತಲೇ ಹೇಳಿದಳು. "ರೀ, ನಮ್ಮ ಹೆಂಗಸರ ಡೈರಿ ಸಂಘಕ್ಕೆ ಎಲೆಕ್ಷನ್ ಬಂದಿದೆ. ಎಲ್ಲಾರೂ ನನ್ನೇ ನಿಂತ್ಕೋ ಅಂತಿದಾರೆ. ನಂಗೂ ಆಸೆ ಇದೆ. ಸೋಮವಾರಕ್ಕೆ ನಾಮಿನೇಷನ್ ಮುಗೀತದೆ, ಸಭೆ ಕರೀರಿ."

ಆಸೆ ಎಂಬ ಮಾತನ್ನು ಅವಳ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ! ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. "ಇವತ್ತು ಬೇಡ ಕಣೇ, ಹುಳ ಮೂರನೇ ಜ್ವರಕ್ಕೆ ಕೂತಿವೆ" ಅಂದುಬಿಟ್ಟೆ. ರೇಷ್ಮೆಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಆಗ ಅವು ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿರುತ್ತವೆ. ಮನೆಯವರೂ ಸದ್ದುಗದ್ದಲ ಮಾಡದೆ ಇರಬೇಕು. ಅದು ಒಂದು ದಿನದ ಮಾತು, ಆ ದಿನದ ಮಟ್ಟಿಗೆ ನಿಜವೂ ಹೌದು. ಸರೋಜ ತಲೆಯಾಡಿಸಿ ಕ್ಯಾನು ತೊಳೆಯಲು ಹೋದಳು. ಗುರುವಾರ, "ಈಗಷ್ಟೇ ಎದ್ದಿವೆ, ಸುಧಾರಿಸ್ಕೊಳ್ಳಲಿ" ಅಂದೆ. ಶುಕ್ರವಾರ, "ನಾಲ್ಕನೇ ಜ್ವರದ ಲಕ್ಷಣ ಕಾಣ್ತಿದೆ" ಅಂದೆ. ಹೊತ್ತುಹೊತ್ತಿಗೆ ಸೊಪ್ಪು ಹಾಕುವವಳಿಗೆ ಹುಳುಮನೆಯ ಬಾಗಿಲನ್ನೂ ಸರಿಯಾಗಿ ದಾಟದ ನಾನು ಹುಳದ ಆರೋಗ್ಯದ ವರದಿ ಒಪ್ಪಿಸುತ್ತಿದ್ದೆ. ನನ್ನ ಲೆಕ್ಕಾಚಾರ ಸರಳವಾಗಿತ್ತು: ಸೋಮವಾರ ಕಳೆದರೆ ಸಾಕು.

ಅದೇ ವಾರ ತರಗತಿಯಲ್ಲಿ ನಾನು ಮಾಡುತ್ತಿದ್ದ ಪಾಠ ಯಾವುದು ಅಂತೀರಿ? ಇಂಗ್ಲೆಂಡಿನ ಪ್ರಧಾನಿಯೊಬ್ಬರು, ದೊಡ್ಡದೊಂದು ಗಡುವು ಹತ್ತಿರ ಬರುತ್ತಿದ್ದಾಗ, ಪ್ರಶ್ನೆ ಕೇಳುವವರ ಕಾಟ ತಪ್ಪಲೆಂದೋ ಏನೋ, ಸಂಸತ್ತಿಗೆ ಐದು ವಾರ ರಜೆ ಕೊಡಿಸಿದ್ದು. ಅಲ್ಲಿನ ಸುಪ್ರೀಂ ಕೋರ್ಟು ಅದು ನಡೆಯುವುದಿಲ್ಲ ಎಂದದ್ದು. ಹೇಳುತ್ತಾ ಹೇಳುತ್ತಾ ಆವೇಶ ಬಂದು ಮೇಜು ಗುದ್ದಿದೆ. ಅಷ್ಟಕ್ಕೇ ಸುಮ್ಮನಿದ್ದರೆ ಬಚಾವಾಗುತ್ತಿದ್ದೆನೇನೋ. ಮೇಷ್ಟರ ಬಾಯಿ ಸುಮ್ಮನಿರುತ್ತದೆಯೇ? ಶನಿವಾರ ಊಟಕ್ಕೆ ಕೂತಾಗ ಅದನ್ನೇ ಅಮ್ಮನಿಗೂ ಕಥೆ ಮಾಡಿ ಹೇಳಿದೆ. ಮುಖ್ಯ ನ್ಯಾಯಾಧೀಶರು ಹೆಂಗಸು ಎಂದಾಗ ಅಮ್ಮನ ಕಿವಿ ನೆಟ್ಟಗಾಯಿತು.

"ಆಯಮ್ಮ ಏನಂದ್ಳೋ?"

"ಯಾಕೆ ಮುಚ್ಚಿಸಿದ್ರಿ, ಸರಿಯಾದ ಕಾರಣ ಕೊಡಿ ಅಂತ ಕೇಳಿದ್ರಮ್ಮ. ಅಂಥ ಕಾರಣ ಇರ್ಲಿಲ್ಲ. ಹಂಗಾದ್ರೆ ಸಂಸತ್ತು ಮುಚ್ಚೇ ಇಲ್ಲ, ನಡೀತಾನೇ ಇದೆ ಅಂತ ತೀರ್ಪು ಕೊಟ್ರು."

"ಒಳ್ಳೇ ಹೆಂಗ್ಸು" ಅಂದರು ಅಮ್ಮ, ಊಟ ಮುಗಿಸಿ ವೀಳ್ಯದೆಲೆಗೆ ಸುಣ್ಣ ಸವರುತ್ತಾ.

ಭಾನುವಾರ ಬೆಳಿಗ್ಗೆ ಸರೋಜ ನಾಲ್ಕನೇ ಸಲ ಕೇಳಿದಳು. ನಾನು ಪೇಪರಿನಿಂದ ತಲೆ ಎತ್ತದೆ, "ಹುಳ ಜ್ವರಕ್ಕೆ ಕೂತಿವೆಯಲ್ಲ" ಅಂದೆ. ಅಮ್ಮ ಎದ್ದು ಹುಳುಮನೆಗೆ ಹೋದರು. ಬರುವಾಗ ಕೈಯಲ್ಲೊಂದು ಹಿಪ್ಪುನೇರಳೆ ಎಲೆ, ಅದರ ಮೇಲೆ ಕೊಬ್ಬಿದ ಹುಳ, ಅಂಚಿನಿಂದ ಗಬಗಬ ತಿನ್ನುತ್ತಿದೆ. ಅದನ್ನು ನನ್ನ ಪೇಪರಿನ ಮೇಲೇ ಇಟ್ಟು, ಸಿಟ್ಟು ಬಂದಾಗ ಬರುವ ತೆಲುಗಿನಲ್ಲೇ ಶುರುಮಾಡಿದರು.

"ಏಮಿರಾ ಇದಿ? ಇದ್ಕೇನೋ ಜ್ವರ? ಹೇಳು, ಸೊಸೆ ಮಾತು ಎತ್ತಕ್ಕೆ ಯಾಕೆ ಬಿಡ್ತಿಲ್ಲ? ಕಾರಣ ಹೇಳು."

"ಸಭೆ ಯಾವಾಗ ಕರೀಬೇಕು ಅನ್ನೋದು ನನಗೆ ಬಿಟ್ಟಿದ್ದಮ್ಮ. ಅದ್ರಲ್ಲಿ ಬೇರೆಯವರು ತಲೆ ಹಾಕ್ಬಾರ್ದು" ಅಂದೆ. ಇಂಗ್ಲೆಂಡಿನ ಸರ್ಕಾರದ ವಕೀಲರು ವಾದಿಸಿದ್ದೂ ಹೆಚ್ಚುಕಡಿಮೆ ಇದನ್ನೇ. ತರಗತಿಯಲ್ಲಿ ಈ ವಾದ ಹೇಳಿ ಹುಡುಗರನ್ನು ನಗಿಸಿದ್ದೆ.

ಕಾರಣ ಇರಲಿಲ್ಲವೇ? ಇತ್ತು, ಬಾಯಿಬಿಟ್ಟು ಹೇಳುವಂಥದ್ದಲ್ಲ. ಒಂದು ಕಾಲದಲ್ಲಿ ನಾನು ನಮ್ಮ ಕಾಲೇಜಿನ ಅಧ್ಯಾಪಕರ ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ನಿಂತು, ಚುನಾವಣೆಗಳ ಬಗ್ಗೆ ನನಗಿರುವ ಅಪಾರ ಜ್ಞಾನದ ಸಮೇತ ಸೋತಿದ್ದೆ. ಸರೋಜ ಸೋಲುತ್ತಾಳೆಂಬ ಚಿಂತೆ ನನಗೆ ಒಂದು ಕ್ಷಣವೂ ಬಂದಿರಲಿಲ್ಲ. ಅವಳು ಗೆಲ್ಲುತ್ತಾಳೆ ಎಂದೇ ನನ್ನ ಹೊಟ್ಟೆ ಉರಿದದ್ದು. ನಾಚಿಕೆಗೇಡು, ಗೊತ್ತು. ಆದರೂ ನಿಜ.

ನಾನು ಕಾರಣ ಹೇಳದ್ದರಿಂದ ಅಮ್ಮ ತೀರ್ಪು ಹೇಳಿಯೇಬಿಟ್ಟರು. "ಸಭೆ ಮುಚ್ಚೇ ಇಲ್ಲ ಕಣೋ. ಬುಧವಾರದಿಂದ ನಡೀತಾನೇ ಐತೆ. ನಾವಿಬ್ರೂ ಇದ್ವಿ, ನೀನೇ ಬರ್ಲಿಲ್ಲ. ಸರೋಜಮ್ಮ, ನೀನು ನಿಂತ್ಕೊಳ್ಳಮ್ಮ."

ಸೋಮವಾರ ಕಾಲೇಜಿಗೆ ಅರ್ಧ ದಿನ ರಜೆ ಹಾಕಿ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟೆ. ಸೋತವನು ದೊಡ್ಡತನ ತೋರಿಸುವುದಕ್ಕೂ ಒಂದು ಅವಕಾಶ ಬೇಕಲ್ಲ! ಡೈರಿಯ ಮುಂದೆ ಇಳಿದ ಮೇಲೆ, "ಫಾರಮ್ಮು ಕೊಡು, ತಪ್ಪಿದ್ರೆ ತಿದ್ದಿಕೊಡ್ತೀನಿ" ಅಂದೆ. ತಪ್ಪು ಒಂದೂ ಇರಲಿಲ್ಲ. ಮೂರನೇ ಸಾಲಿನಲ್ಲಿ 'ತಂದೆ/ಗಂಡನ ಹೆಸರು' ಎಂದು ಅಚ್ಚಾಗಿತ್ತು, ಬೇಡದ್ದನ್ನು ಹೊಡೆದುಹಾಕಿ ಎಂಬ ಸೂಚನೆಯೊಂದಿಗೆ. ಗಂಡನನ್ನು ಹೊಡೆದುಹಾಕಿ ಮಂಡಿಕಲ್ಲಿನ ನಮ್ಮ ಮಾವನವರ ಹೆಸರು ಬರೆದಿದ್ದಳು.

"ಇದೇನೇ ಇದು?"

"ಒಂದನ್ನ ಹೊಡೀಲೇಬೇಕಿತ್ತಲ್ಲ ರೀ. ಅಪ್ಪಂಗೆ ಫೋನ್ ಮಾಡ್ದೆ, ನಾನು ಹೇಳಿ ಮುಗಿಸೋಕೆ ಮುಂಚೇನೇ ಹೂಂ ಅಂದ್ರು. ನೀವು ಹೂಂ ಅಂದಿದ್ದನ್ನ ನಾನಿನ್ನೂ ಕೇಳೇ ಇಲ್ಲ."

ಸಿಟ್ಟಿನಿಂದ ಎಳೆದ ಗೀಟಾಗಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಸ್ಕೇಲು ಇಟ್ಟು ನಿಧಾನವಾಗಿ, ನೆಟ್ಟಗೆ ಎಳೆದಿದ್ದಳು.